ಮಾತಿನ ಕೆಳಗೆ ಮಾತು

ನಮ್ಮ ಸೋದರಮಾವನಿಗೆ ಬರುತ್ತಿದ್ದದ್ದು ಒಂದೇ ಲೆಕ್ಕ. ನಂಬುವುದು ಕಷ್ಟ, ಏಕೆಂದರೆ ಶ್ರೀರಾಂಪುರದ ಕಡೆ ಅವರು ಜೀವಮಾನವಿಡೀ ಗಣಿತದ ಮೇಷ್ಟ್ರಾಗಿದ್ದವರು. ಬೇಕಾದರೆ ಅವರ ಶಿಷ್ಯರನ್ನೇ ಕೇಳಿ. ಬಡ್ಡಿ, ಲಾಭ-ನಷ್ಟ, ಬೀಜಗಣಿತ, ಯಾವುದನ್ನು ಕೈಗೆತ್ತಿಕೊಂಡರೂ ಕಾಲು ಗಂಟೆಯೊಳಗೆ ಅದು ತ್ರೈರಾಶಿಯಾಗಿ ಬಿಡುತ್ತಿತ್ತು. ಗೊತ್ತಿರುವುದು ಮೂರು, ಕಂಡುಹಿಡಿಯಬೇಕಾದದ್ದು ನಾಲ್ಕನೆಯದು. ಪ್ರಪಂಚದಲ್ಲಿ ಇನ್ನೇನಿದೆ?

"ಮೂರು ಮೀಟರ್ ಬಟ್ಟೆಗೆ ಎರಡು ಅಂಗಿ. ಹದಿನೈದು ಮೀಟರಿಗೆ ಎಷ್ಟಲೇ?" ಎಂದು ಬೇಸಿಗೆ ರಜೆಗೆ ಹೋದ ನನ್ನನ್ನು ಗೋಡೆಗೆ ನಿಲ್ಲಿಸಿ ಕೇಳುತ್ತಿದ್ದರು. "ಬಟ್ಟೆ ಕೆಳಗೆ ಬಟ್ಟೆ ಬರಿ. ಅಂಗಿ ಕೆಳಗೆ ಅಂಗಿ ಬರಿ. ಬಟ್ಟೆ ಐದು ಪಟ್ಟಾತು. ಅಂಗಿ ಸುಮ್ನೆ ಕುಂತಿರ್ತೈತಾ?"

ಕುಂತಿರುವುದಿಲ್ಲ. ಹತ್ತಾಗುತ್ತದೆ. ಇದು ಎಷ್ಟು ಪಟ್ಟು ಏರಿತೋ ಅದೂ ಅಷ್ಟೇ ಪಟ್ಟು ಏರಬೇಕು. ಪುಸ್ತಕದಲ್ಲಿ ಇದಕ್ಕೆ ನೇರ ಅನುಪಾತ ಎಂದು ಹೆಸರು. ಮಾವ ಇದನ್ನು ನ್ಯಾಯ ಎನ್ನುತ್ತಿದ್ದರು.

ಈ ನ್ಯಾಯ ಪುಸ್ತಕದೊಳಗೇ ಉಳಿದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅವರ ಮಗಳ ನಿಶ್ಚಿತಾರ್ಥದ ದಿನ ಅದು ಅಡುಗೆಮನೆಗೆ ಬಂತು. ಐದು ಜನರ ಸಾರಿಗೆ ಅತ್ತೆ ಎರಡು ಚಮಚ ಖಾರದ ಪುಡಿ ಹಾಕುತ್ತಿದ್ದರು. ಹಾಗಾದರೆ ಇನ್ನೂರು ಜನರಿಗೆ ಎಂಬತ್ತು.

"ಮೇಷ್ಟ್ರೇ, ಖಾರ ಹಂಗೆ ಏರ್ಸಬಾರ್ದ್ರಿ" ಎಂದ ಅಡುಗೆಯವನು.

"ಅಕ್ಕಿ ಏರ್ತೈತೆ, ಬ್ಯಾಳೆ ಏರ್ತೈತೆ. ಖಾರಕ್ಕೇನು ಎರಡು ಕೊಂಬವೆಯಾ?"

ಆದಿವಾಲದಿಂದ ಬಂದಿದ್ದ ಬೀಗರು ಮೊದಲ ಪಂಕ್ತಿಗೆ ಕುಳಿತರು. ಸ್ವಲ್ಪ ಹೊತ್ತಿಗೆ ಸಾಲಿಗೆ ಸಾಲೇ ಕಣ್ಣೊರೆಸಿಕೊಳ್ಳತೊಡಗಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಹೆಣ್ಣಿನ ಕಡೆಯೋರು ಈಗ್ಲೇ ಅಳ್ತಾ ಅವ್ರೆ" ಎಂದಳು. ಅಳುತ್ತಿರುವವರು ಗಂಡಿನ ಕಡೆಯವರು ಎಂದು ನಾನು ತಿದ್ದಬೇಕಾಯಿತು.

ಇನ್ನೊಮ್ಮೆ ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವಾಗ ಬಸ್ಸಿಗೆ ಕುರಿಮಂದೆ ಅಡ್ಡ ಬಂತು. ಹತ್ತು ಕುರಿ ದಾಟಲು ಇಷ್ಟು ಹೊತ್ತಾದರೆ ಇಡೀ ಮಂದೆಗೆ ಎಷ್ಟು? ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರುಬನನ್ನು ಕೇಳಿದರು. "ಏನಪ್ಪ, ಒಟ್ಟು ಎಷ್ಟವೆ?"

"ಎಣಿಸಬಾರ್ದು ಸ್ವಾಮಿ. ಎಣಿಸಿದಷ್ಟೂ ಕಮ್ಮಿ ಆಗ್ತಾವೆ."

ಮಾವ ತಲೆ ಒಳಗೆಳೆದುಕೊಂಡರು. "ಅದು ವಿಲೋಮ ಅನುಪಾತ ಕಣೋ. ನಾನು ಅದಕ್ಕೆ ಹೋಗಲ್ಲ" ಎಂದು ನನಗೆ ಹೇಳಿದರು.

ಇಂಥ ಮನುಷ್ಯನನ್ನು ಹತೋಟಿಯಲ್ಲಿ ಇಟ್ಟಿದ್ದದ್ದು ಅತ್ತೆಯ ಬಾಯಿ. ಅವರಿಬ್ಬರೂ ಒಬ್ಬರಾದ ಮೇಲೆ ಒಬ್ಬರು ಮಾತಾಡಿದ್ದನ್ನು ನಾನು ಕಂಡವನಲ್ಲ, ಇಬ್ಬರೂ ಒಟ್ಟಿಗೇ ಆಡುತ್ತಿದ್ದರು. "ನಿಮ್ ಜತೆ ಒಂದೊಂದು ವರ್ಷ ಬಾಳಿದ್ದಕ್ಕೂ ಇಷ್ಟಿಷ್ಟು ಕೂದ್ಲು ನರೆತ್ವು" ಎಂದರು ಒಮ್ಮೆ ಅತ್ತೆ. "ನೂರು ವರ್ಷ ಬಾಳು ಅಂತ ಹಿರಿಯರು ಹರಸ್ಯಾರೆ. ಕರೇವು ಎಷ್ಟು ಉಳಿತಾವೆ, ಲೆಕ್ಕ ಹಾಕ್ರಿ ನೋಡೋಣ."

ಮಾವ ಅವರ ತಲೆಯನ್ನೇ ದಿಟ್ಟಿಸಿ ನೋಡಿದರು. "ಮೊದ್ಲು ಒಟ್ಟು ಎಷ್ಟಿದ್ವು ಹೇಳು" ಎಂದರು.

ಆ ಬಾಯಿ ಒಂದು ಬೆಳಿಗ್ಗೆ ನಿಂತುಹೋಯಿತು. ಲಕ್ವ ಹೊಡೆದಿತ್ತು. ದುರ್ಗದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಬಲಗೈ ಏಳುತ್ತಿರಲಿಲ್ಲ, ಮಾತು ಪೂರ್ತಿ ಹೋಗಿತ್ತು. ಎದುರಿಗಿನವರು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಮಾತ್ರ ಬರುತ್ತಿರಲಿಲ್ಲ. ಒಂದು ತಿಂಗಳು ಕಳೆಯುವಷ್ಟರಲ್ಲಿ ಮೂರು ಮಾತು ಬಂದವು: ಹ್ಞೂಂ, ಬ್ಯಾಡ, ನೀರು.

ಮಾವ ಅಂದೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ತಿಂಗಳ ಕೆಳಗೆ ತಿಂಗಳು, ಮಾತಿನ ಕೆಳಗೆ ಮಾತು. ಒಂದಕ್ಕೆ ಮೂರು, ಹನ್ನೆರಡಕ್ಕೆ ಮೂವತ್ತಾರು. "ಮೂವತ್ತಾರು ಮಾತಿದ್ರೆ ಸಂಸಾರ ನಡೀತೈತೆ ಕಣೋ. ನನ್ನ ಬೈಯಾಕೆ ಹತ್ತು ಸಾಕು, ಉಳಿದದ್ದು ಖರ್ಚಿಗೆ" ಎಂದರು. ಮಂಚದ ಮೇಲಿಂದ ಅತ್ತೆ ಗೋಡೆಯನ್ನು ನೋಡುತ್ತಿದ್ದರು.

ಮುಂದಿನ ಸಲ ತೋರಿಸಲು ನಾನೂ ಜೊತೆಗೆ ಹೋಗಿದ್ದಾಗ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದರು. "ಮೇಷ್ಟ್ರೇ, ಇದು ಹಾಗೆ ಬರಲ್ಲ. ಇಷ್ಟಕ್ಕೇ ನಿಂತರೂ ನಿಲ್ಲಬಹುದು" ಎಂದರು. ವಾಪಸು ಬರುವಾಗ ಮಾವ ನನ್ನ ಕಿವಿಯಲ್ಲಿ ಹೇಳಿದರು, "ಡಾಕ್ಟ್ರು ಒಳ್ಳೆಯೋರು. ಲೆಕ್ಕದಾಗೆ ವೀಕು."

ಎರಡನೆಯ ತಿಂಗಳು ಒಂದು ಮಾತೂ ಬರಲಿಲ್ಲ. ನ್ಯಾಯ ತಪ್ಪುವಂತಿಲ್ಲವಾದ್ದರಿಂದ ಅಭ್ಯಾಸ ಸಾಲದು ಎಂದು ಮಾವ ತೀರ್ಮಾನಿಸಿದರು. ಅರ್ಧ ಗಂಟೆಯ ಪಾಠ ಒಂದು ಗಂಟೆಯಾಯಿತು, ಆಮೇಲೆ ಎರಡು. ಲೋಟ ಹಿಡಿದು "ಲೋಟ ಅನ್ನು" ಎನ್ನುವರು. ಬಾಚಣಿಗೆ ಹಿಡಿದು "ಬಾಚಣಿಗೆ ಅನ್ನು" ಎನ್ನುವರು. ಅತ್ತೆ ಎರಡಕ್ಕೂ "ನೀರು" ಎನ್ನುವರು. ತಪ್ಪು ಹೇಳಿದ್ದು ಅವರಿಗೇ ಗೊತ್ತಾಗುತ್ತಿತ್ತು, ಮುಖ ಕೆಂಪಾಗುತ್ತಿತ್ತು. ಒಂದು ದಿನ ಬಾಚಣಿಗೆಗೆ "ಬ್ಯಾಡ" ಎಂದರು. ಲೋಟಕ್ಕೆ "ಬ್ಯಾಡ". ಮಾವ ಪಕ್ಕದ ಮನೆಯಿಂದ ಮೊರ ಇಸಕೊಂಡು ಬಂದರು. "ಬ್ಯಾಡ, ಬ್ಯಾಡ" ಎನ್ನುತ್ತ ಅತ್ತೆ ಗೋಡೆಯ ಕಡೆ ಹೊರಳಿ ಅತ್ತರು. ಮರುದಿನದಿಂದ "ನೀರು" ಕೂಡ ಬರಲಿಲ್ಲ.

ಮಾವ ಫೋನ್ ಮಾಡಿದರು. "ಲೇ, ಮೂರಿದ್ದದ್ದು ಎರಡಾತು." ಅವರೇ ಮುಂದುವರಿಸಿದರು. "ನಾನು ಜಾಸ್ತಿ ಮಾಡ್ದಷ್ಟೂ ಹೋಗ್ತಾ ಐತೆ. ಎಲ್ಲಿ ತಪ್ಪಿದೆ, ನೋಡಿ ಹೇಳೋ."



ಆಮೇಲೆ ಅವರಿಂದ ಫೋನ್ ಬರುವುದೇ ನಿಂತಿತು. ನಾನೇ ಮಾಡಿದರೆ ಉತ್ತರ ವಿಚಿತ್ರವಾಗಿರುತ್ತಿತ್ತು. "ಮಾವ, ಅತ್ತೆ ಹುಷಾರಾ?" "ಹ್ಞೂಂ." "ಬರ್ತಾ ಏನಾದ್ರೂ ತರ್ಲಾ?" "ಬ್ಯಾಡ." ಇವರಿಗೂ ಲಕ್ವ ಹೊಡೆದೇಬಿಟ್ಟಿತೇ? ಕೈಯಲ್ಲಿದ್ದ ಕೆಲಸ ಬಿಟ್ಟು ಬಸ್ಸು ಹತ್ತಿದೆ.

ಮಾವ ಗಟ್ಟಿಮುಟ್ಟಾಗಿಯೇ ಇದ್ದರು. ಗೋಡೆಗೆ ಸುಣ್ಣ ಬಳಿದಿತ್ತು. ಅತ್ತೆ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ನಾನೊಬ್ಬನೇ ಊರ ಸುದ್ದಿಯೆಲ್ಲ ಹೇಳಿದೆ. ಮಾವ ಒಂದಿಷ್ಟಕ್ಕೆ ಹ್ಞೂಂ ಎಂದರು, ಒಂದಿಷ್ಟಕ್ಕೆ ಬ್ಯಾಡ ಎಂದರು. ಅತ್ತೆಯೂ ಅಷ್ಟೇ. ಊಟಕ್ಕೆ ಕುಳಿತಾಗ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಬಿದ್ದದ್ದೂ ಆ ಎರಡು ಮಾತಿನಲ್ಲೇ. ನಾಲ್ಕು ಕ್ಲಾಸಿಗೆ ಕೇಳುವಂತೆ ಪಾಠ ಮಾಡುತ್ತಿದ್ದ ಮನುಷ್ಯ ಇವರೇ ಏನು?

ಹೊರಟೆ. ಮಾವ ಅಂಗಳದಾಚೆಯ ಗೇಟಿನವರೆಗೆ ಬಂದರು. ಗೇಟು ದಾಟಿದ್ದೇ ತಡ, ಕಟ್ಟೆ ಒಡೆದಂತೆ ಶುರುವಾಯಿತು. ಯಾವ ಬಸ್ಸಿಗೆ ಬಂದೆ, ಸೀಟು ಸಿಕ್ತಾ, ನಿಮ್ಮಮ್ಮನ ಮಂಡಿನೋವು ಹೆಂಗೈತೆ.

"ಒಳಗೆ ಯಾಕೆ ಮಾತಾಡಲ್ಲ ಮಾವ?" ಎಂದೆ.

ಮಾವ ಮನೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. "ಅವ್ಳತ್ರ ಇರೋದು ಎರಡು ಮಾತು. ನಾನು ಸಾವಿರ ಆಡ್ತಾ ಇದ್ರೆ ಅವ್ಳಿಗೆ ಹೆಂಗಾಗಬೇಕು ಹೇಳು. ಅವ್ಳಿಗೆ ಎರಡು ಅಂದ್ರೆ ನಂಗೂ ಎರಡು. ಮೂರಾದ ದಿನ ನಾನೂ ಮೂರು ಆಡ್ತೀನಿ."

"ಆಗದೇ ಹೋದ್ರೆ?"

"ಎರಡು ಸಾಕಾಗ್ತಾವೆ ಕಣೋ. ಮೊದ್ಲು ನಂಗೂ ಗೊತ್ತಿರಲಿಲ್ಲ. ನೋಡು, ಆದಿವಾಲದ ಬೀಗರು ಸಿಕ್ರೆ ನಾನು ಕೇಳ್ದೆ ಅಂತ…"

ಒಳಗಿನಿಂದ ಅತ್ತೆಯ ದನಿ ಬಂತು. "ಹ್ಞೂಂ?"

ಮಾವ ಮಾತನ್ನು ಅಲ್ಲಿಗೇ ಬಿಟ್ಟು ನಡೆದರು. ಹೊಸಿಲ ಹೊರಗೆ ಚಪ್ಪಲಿ ಕಳಚಿ, ತಲೆ ಬಗ್ಗಿಸಿ ಒಳಹೊಕ್ಕು, ಮೆಲ್ಲಗೆ, "ಹ್ಞೂಂ" ಎಂದರು.