ಜೆಪ್ಪುವಿನ ಅಂಗಳದಲ್ಲಿ ಹಾಯಿದೋಣಿ

ಜೆಪ್ಪುವಿನ ನಮ್ಮ ಮನೆಯಲ್ಲಿ ಯಾವ ಕೆಲಸವೂ ಸೀದಾ ಮುಗಿಯುವ ಕ್ರಮ ಇಲ್ಲ. ಬಲ್ಬು ಬದಲಿಸಲು ಹತ್ತಿದವರು ಹೆಂಚು ಒಡೆದು ಇಳಿಯುತ್ತಾರೆ. ಹಾಗಿರುವಾಗ ಹಳೆಯ ಫೈಬರ್ ದೋಣಿ ರಿಪೇರಿಗೆ ಹೊರಟರೆ ಕೇಳಬೇಕೇ?

ನನ್ನ ಗಂಡ ಪಣಂಬೂರಿನಲ್ಲಿ ಬಂದರಿನ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೆ ಮಾತೇ ಕಡಿಮೆಯಾಯಿತು. ಕಿಟಕಿಯ ಹತ್ತಿರ ಕೂತರೆ ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ನನಗೂ ಅತ್ತೆಗೂ ಒಳಗೊಳಗೇ ಹೆದರಿಕೆ. ಆಗ ಅವರ ಸ್ನೇಹಿತರೊಬ್ಬರು ಊರು ಬಿಡುವಾಗ ತಮ್ಮ ಪುಟ್ಟ ಹಾಯಿದೋಣಿಯನ್ನು ಇವರಿಗೆ ಸುಮ್ಮನೆ ಕೊಟ್ಟು ಹೋದರು. ಪಾಚಿ ಹಿಡಿದಿತ್ತು, ಬಣ್ಣ ಎದ್ದಿತ್ತು, ಬದಿಯಲ್ಲಿ ಕೈ ತೂರುವಷ್ಟು ಬಿರುಕು. ಅದನ್ನು ಕಂಡು ಇವರು ಎಷ್ಟೋ ಸಮಯದ ನಂತರ ನಕ್ಕರು. ನಾನು ಬೇಡ ಅನ್ನಲಿಲ್ಲ.

ಲಾರಿಯಿಂದ ಇಳಿದದ್ದು

ದೋಣಿ ಇಳಿಸುವುದನ್ನು ನೋಡಲು ಓಣಿಯವರೆಲ್ಲ ಗೇಟಿಗೆ ಬಂದರು.

"ಎಂತ ಮಾರಾಯ್ರೆ, ಈ ಸಲ ಮಳೆ ಅಷ್ಟು ಜೋರು ಉಂಟಾ?" ಅಂತ ಎದುರುಮನೆಯವರು ಕೇಳಿದರು.

"ಬಂದರಿನವರಿಗೆ ಮೊದಲೇ ಗೊತ್ತಾಗ್ತದೆ," ಅಂದರು ಇವರು, ತಮಾಷೆಗೆ.

ಮರುದಿನ ಬೆಳಿಗ್ಗೆ ನೋಡಿದರೆ ಓಣಿಯವರೆಲ್ಲ ಹಾರೆ ಹಿಡಿದು ಚರಂಡಿ ಬಿಡಿಸುತ್ತಿದ್ದಾರೆ. ಮಳೆ ಸಾಧಾರಣವೇ ಬಂತು. ಮತ್ತೆ ದೋಣಿ ತಂದದ್ದು ಎಂತಕ್ಕೆ ಅಂತ ಎದುರುಮನೆಯವರಿಗೆ ಇವತ್ತಿಗೂ ಬೇಜಾರು.

ತುರಿಕೆ

ಬನಿಯನ್, ಲುಂಗಿಯಲ್ಲಿ ಕೂತು ಇವರು ಇಡೀ ದಿನ ದೋಣಿಗೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರು. ಮೈಯೆಲ್ಲ ಬಿಳಿ ಧೂಳು. ಆ ಬಟ್ಟೆಯನ್ನು ಮನೆಯವರೆಲ್ಲರ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದರು. ಫೈಬರಿನ ಧೂಳು ಅಂದರೆ ಕಣ್ಣಿಗೆ ಕಾಣದ ಮುಳ್ಳು ಅಂತ ಯಾರಿಗೆ ಗೊತ್ತು?

ಮರುದಿನ ಶಾಲೆಯಲ್ಲಿ ನಾನು ಪಾಠ ನಿಲ್ಲಿಸಿ ಬೋರ್ಡಿಗೆ ಬೆನ್ನು ತಿಕ್ಕಿದೆ. ಮನೆಗೆ ಬಂದರೆ ಅತ್ತೆಗೂ ಅದೇ ಅವಸ್ಥೆ. "ಇದು ನಾಗನ ದೋಷವೇ, ಸಂಶಯ ಇಲ್ಲ," ಅಂದ ಅತ್ತೆ ನನ್ನನ್ನು ಪಕ್ಕದ ಮನೆಗೆ ಎಳೆದುಕೊಂಡು ಹೋದರು. ಅಲ್ಲಿರುವವರು ದೇವಸ್ಥಾನದ ಪೂಜೆಯ ಭಟ್ರು. ನಮ್ಮನ್ನು ಚಾಪೆಯಲ್ಲಿ ಕೂರಿಸಿ ಎಲ್ಲ ಕೇಳಿದರು. ಆಮೇಲೆ ಕಾಂಪೌಂಡಿನಾಚೆ ಬೂದಿ ಬಳಿದವರ ಹಾಗೆ ಕೂತು ಉಜ್ಜುತ್ತಿದ್ದ ಇವರನ್ನು ನೋಡಿದರು.

"ಅಮ್ಮ, ನಾಗನನ್ನು ಸುಮ್ಮನೆ ಬಿಡಿ. ನಿಮ್ಮ ಮಗನ ಬಟ್ಟೆ ಬೇರೆ ಒಗೆಯಿರಿ."

ಅತ್ತೆಗೆ ಹೋದ ಜೀವ ಬಂದ ಹಾಗಾಯಿತು. ಆದರೆ ನಾವು ಎದ್ದ ಚಾಪೆಯಲ್ಲೇ ಭಟ್ರು ಮಧ್ಯಾಹ್ನ ಮಲಗಿದರಂತೆ. ಸಂಜೆ ಮಂಗಳಾರತಿಯ ನಡುವೆ ಘಂಟೆ ಕೆಳಗಿಟ್ಟು ಬೆನ್ನು ಕೆರೆದರಂತೆ.

ಹಿಂಬದಿಯ ಬರಹ

ಬಿರುಕು ಮುಚ್ಚಿದ ಮೇಲೆ ಬಣ್ಣಕ್ಕೆ ಒಬ್ಬ ಪೇಂಟರ್ ಬಂದರು. ಇಡೀ ಆಯುಷ್ಯ ಸಿಟಿ ಬಸ್ಸುಗಳಿಗೆ ಬಣ್ಣ ಹೊಡೆದವರು. ಬಿಳಿ ಮೈ, ನೀಲಿ ಪಟ್ಟಿ, ಮುಖ ಕಾಣುವಷ್ಟು ಹೊಳಪು. ಇವರು ಖುಷಿಯಿಂದ ಸುತ್ತ ಒಂದು ಪ್ರದಕ್ಷಿಣೆ ಬಂದು ಹಿಂದೆ ನಿಂತುಬಿಟ್ಟರು. ಅಲ್ಲಿ ಕೆಂಪಕ್ಷರದಲ್ಲಿ 'ಹಾರ್ನ್ ಮಾಡಿ' ಅಂತ ಉಂಟು.

"ಇದು ಎಂತ ಮಾರಾಯ್ರೆ?"

"ಹಿಂದೆ ಖಾಲಿ ಬಿಟ್ಟು ನನಗೆ ಅಭ್ಯಾಸ ಇಲ್ಲ," ಅಂದರು ಪೇಂಟರ್. "ಎದುರು ಬೋರ್ಡೂ ಬರಿತಿದ್ದೆ. ರೂಟ್ ಯಾವುದಂತ ನೀವು ಹೇಳ್ಲಿಲ್ಲ."

ನೀರಿಗೆ

ಒಂದು ಭಾನುವಾರ ಬೆಳಿಗ್ಗೆ ಉಳ್ಳಾಲದ ಬದಿಯಲ್ಲಿ ದೋಣಿಯನ್ನು ಹೊಳೆಗೆ ಇಳಿಸಿದೆವು. ಅಲ್ಲಿ ಸಮುದ್ರ ಹತ್ತಿರ, ನೀರು ಉಪ್ಪು. ದಡದಲ್ಲಿ ಒಳ್ಳೆ ಜನ ಸೇರಿತ್ತು. ಅತ್ತೆ ತೆಂಗಿನಕಾಯಿ ಒಡೆದು ದಡದಲ್ಲೇ ನಿಂತರು. ನಾನು ಲೈಫ್ ಜಾಕೆಟ್ ಬಿಗಿದುಕೊಂಡು ಇವರ ಜೊತೆ ಹತ್ತಿದೆ. ನನಗೆ ಈಜು ಬರುವುದಿಲ್ಲ. ಆದರೆ ಇವರ ಮುಖ ನೋಡಿದ ಮೇಲೆ ಹತ್ತುವುದಿಲ್ಲ ಅನ್ನಲು ಮನಸ್ಸಾಗಲಿಲ್ಲ.

ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು. ದೋಣಿ ವಾಲಿ ಮುಂದೆ ಹೋಯಿತು. ಎಷ್ಟು ಚೆಂದ ಅಂದುಕೊಳ್ಳುವಾಗ ಕಾಲು ಒದ್ದೆಯಾಯಿತು. ನೋಡಿದರೆ ಒಳಗೆ ಕೆಂಪು ನೀರು ಹರಿದು ಬರುತ್ತಿದೆ.

"ಬಿರುಕು ಬಿಟ್ಟಿತು," ಅಂದರು ಇವರು. ಮುಖ ಬಿಳಿಚಿಹೋಗಿತ್ತು. "ಅಡಿಯ ಕೆಸರೇ ಒಳಗೆ ಬರ್ತಾ ಉಂಟು." ಮಗ್ ಹಿಡಿದು ಮೊಗೆಮೊಗೆದು ಹೊಳೆಗೆ ಎರಚತೊಡಗಿದರು. ನಾನು ಹಾಯಿಯ ಕಂಬವನ್ನು ಅಪ್ಪಿಕೊಂಡು ಗೊತ್ತಿದ್ದ ದೈವಗಳನ್ನೆಲ್ಲ ಕರೆದೆ. ಎರಚಿದ ನೀರು ಗಾಳಿಗೆ ತಿರುಗಿ ನನ್ನ ಬಾಯಿಗೇ ಬಿತ್ತು.

"ಇದು ಸಿಹಿ ಉಂಟು," ಅಂದೆ.

"ಹೆದರಿಕೆಗೆ ನಿನಗೆ ರುಚಿ ಗೊತ್ತಾಗುದಿಲ್ಲ."

"ನೀವೇ ನೋಡಿ ಮಾರಾಯ್ರೆ."

ಇವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿದರು. ಇನ್ನೊಮ್ಮೆ ಅದ್ದಿ ಹಚ್ಚಿದರು. "ಏಲಕ್ಕಿಯೂ ಉಂಟು," ಅಂದರು.

ಮುಂದಿನ ಹಲಗೆಯ ಅಡಿಯಲ್ಲಿ ಒಂದು ದೊಡ್ಡ ಸ್ಟೀಲ್ ಡಬ್ಬಿ ಮುಚ್ಚಳ ಕಳಚಿ ಅಡ್ಡ ಬಿದ್ದಿತ್ತು. ಬಿಸಿಲಿಗೆ ಬಾಯಾರಬಹುದು ಅಂತ ಅತ್ತೆ ನಮಗೆ ಹೇಳದೆ ಇಟ್ಟ ಬೆಲ್ಲದ ಪಾನಕ. ದೋಣಿಯಲ್ಲಿ ಒಂದು ಹನಿ ಹೊಳೆನೀರಿರಲಿಲ್ಲ. ಅಲ್ಲೇ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಇವರು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಕಂಡು ನನಗೆ ಈಜು ಬಾರದ್ದೂ ಮರೆತುಹೋಯಿತು.

ದಡಕ್ಕೆ ಬಂದರೆ ಅತ್ತೆ ಮುಖ ಊದಿಸಿಕೊಂಡು ನಿಂತಿದ್ದಾರೆ. ದೂರದಿಂದ ಎಲ್ಲ ನೋಡಿದ್ದಾರೆ.

"ಪಾನಕ ಚೆಂದ ಆಗದಿದ್ರೆ ಮನೆಗೆ ಬಂದು ಹೇಳ್ಬಹುದಿತ್ತು ಮಗಾ," ಅಂದರು. "ಇಷ್ಟು ಜನರ ಎದುರು ಮಗ್‌ನಲ್ಲಿ ಮೊಗೆದು ಮೊಗೆದು ಹೊಳೆಗೆ ಚೆಲ್ಲುವುದಾ?"