ಎದುರುಮನಿ ಅಣ್ಣನ ಕ್ಲೇಮುಗಳು

ಫೋನಿನ್ಯಾಗ ಫೋಟೋ ಕಳಸಿದ್ರ ವಿಮಾ ರೊಕ್ಕ ಬರ್ತದ ಅಂತ ಗೊತ್ತಾದಾಗಿಂದ ನಮ್ಮ ಆಳಂದದ ಓಣ್ಯಾಗ ನಗಾಕ ಬರ ಇಲ್ಲ. ಹೆಚ್ಚಿಂದು ನಮ್ಮ ಎದುರುಮನಿ ಅಣ್ಣಂದೇ. ಆಂವ ಭೂಸನೂರಿಗೆ ಟಂಟಂ ಆಟೋ ಹೊಡೀತಾನ. ಟಂಟಂ ಎಷ್ಟು ಹಳೇದು ಅಂದ್ರ, ರೊಕ್ಕ ಕೊಟ್ಟು ಹತ್ತಿದ ಮಂದೀನೇ ಇಳಿದು ನೂಕಬೇಕು. ಹೊಸಾ ಟಂಟಂ ತರಬೇಕು, ಅದೊಂದೇ ಅವನ ಧ್ಯಾನ. ದುಡಿಯೂದೊಂದು ಬಿಟ್ಟು ಎಲ್ಲಾ ಮಾಡಿ ನೋಡ್ಯಾನ.

ಮೊದಲು ಎಮ್ಮಿ ಸತ್ತಿತು

ಅಣ್ಣನ ಎಮ್ಮಿಗಿ ವಿಮಾ ಇತ್ತು. ಒಂದಿನ ಮಧ್ಯಾಹ್ನ ಅದು ಹೊಟ್ಟಿ ತುಂಬ ತಿಂದು ಅಡ್ಡಾಗಿತ್ತು. ಅಣ್ಣ ಫೋಟೋ ಹೊಡದು, "ಸತ್ತದ" ಅಂತ ಕಂಪನಿಗಿ ಕಳಿಸಿಬಿಟ್ಟ.

ಕಂಪನಿ ಹುಡುಗಿ ಫೋನ್ ಮಾಡಿದ್ಳು. "ಸರ್, ಕಿವ್ಯಾಗಿನ ವಿಮಾ ಬಿಲ್ಲೆ ಕಾಣೂ ಹಂಗ ಒಂದು ವಿಡಿಯೋ ಕಳಸ್ರಿ."

ಕಳಿಸಿದ. ಆಕಿ ಮತ್ತ ಫೋನ್ ಮಾಡಿದ್ಳು. "ಸರ್, ನಿಮ್ಮ ಎಮ್ಮಿ ಮೆಲುಕು ಹಾಕಾಕತ್ತದಲ್ರಿ."

"ಈಗಷ್ಟೇ ಸತ್ತದ್ರಿ ಮೇಡಂ, ಬಾಯಿ ಇನ್ನಾ ನಿಂತಿಲ್ಲ."

ಆಮ್ಯಾಲ ಹೊಲ ಮುಳುಗಿತು

ಅಣ್ಣಂದು ಅಫಜಲಪುರ ಕಡೆ ಒಂದು ತುಂಡು ತೊಗರಿ ಹೊಲ ಅದ, ಬೆಳಿ ಛಲೋ ನಿಂತಿತ್ತು. ಮಳಿಗಿ ಮುಳುಗಿದ್ರ ವಿಮಾ ಬರ್ತದ, ಆದ್ರ ಹೊಲಕ್ಕ ನೀರು ಎಲ್ಲಿಂದ ತರೂದು? ಭೀಮಾ ನದಿ ಮ್ಯಾಲಿನ ಸೊನ್ನ ಬ್ಯಾರೇಜಿಗೆ ಹೋದ. ಕೈಯಾಗ ನಾಕು ತೊಗರಿ ಗಿಡ ಹಿಡಕೊಂಡು, ನೀರಿಗೆ ಬೆನ್ನು ಮಾಡಿ, ಅಳುಮಾರಿ ಮಾಡಿ ಫೋಟೋ ತಗಸ್ಕೊಂಡ.

ಫೋಟೋ ಎಲ್ಲಿ ತಗದದ್ದು ಅಂತ ಫೋನೇ ಬರೀತದ ಅನ್ನೂದು ಪಾಪ ಅವಂಗ ಗೊತ್ತಿಲ್ಲ.

ಅದೇ ಹುಡುಗಿ ಕೇಳಿದ್ಳು. "ಸರ್, ನಿಮ್ಮ ಹೊಲ ಭೀಮಾ ನದಿಯೊಳಗ ತೋರಸಾಕತ್ತದ."

"ಅದಕ್ಕೇ ಅಲ್ರಿ ಮೇಡಂ ಮುಳುಗಿದ್ದು."

ಕಡೀಕ ತಾನೇ ಸತ್ತ

ಇನ್ನೊಮ್ಮೆ ಸುಳ್ಳು ಹೇಳಿದ್ರ ಪೊಲೀಸ್ ಕೇಸ್ ಅಂತ ಕಂಪನ್ಯಾವರು ಖಡಕ್ಕಾಗಿ ಹೇಳಿದ್ರು. ಅಣ್ಣ ಭಾಳ ವಿಚಾರ ಮಾಡಿದ. ಅವನ ಜೀವದ ಮ್ಯಾಲೂ ಒಂದು ವಿಮಾ ಇತ್ತು. "ಸತ್ತವನ ಮ್ಯಾಲ ಯಾಂವ ಕೇಸ್ ಹಾಕ್ತಾನ?" ಅಂದ.

ಆಳಂದದಾಗ ಸತ್ರ ಮಂದಿ ನೋಡ್ತಾರಂತ ಸಾಯಾಕ ಜೇವರ್ಗಿಗೆ, ಹೆಂಡ್ತಿ ತವರಿಗೆ ಹೋದ. ಆ ಹೆಂಡ್ತಿ, ಅಂದ್ರ ನಮ್ಮ ವೈನಿ, ನನಗೂ ಕರದ್ಳು. "ಬಾ ಬೇ, ನೀ ಜೋಡಿಗಿದ್ರ ನಂಗ ಅಳು ಬರ್ತದ." ನಾ ಹೋದದ್ದು ಅಳಾಕಲ್ಲ, ನೋಡಾಕ.

ಸತ್ತವರನ್ನ ನಾವು ಗ್ವಾಡಿಗಿ ಆನಿಸಿ ಕೂಡಸ್ತೀವಲ್ಲ, ಹಂಗ ಕೂಡಸಿದ್ವಿ. ಹಣಿ ತುಂಬ ವಿಭೂತಿ, ಕೊಳ್ಳಾಗ ಹಾರ. ಕಣ್ಣು ಮುಚ್ಚಿದ. ವೈನಿ ಕಂಪನಿಗಿ ಸುದ್ದಿ ಹೇಳಿದ್ಳು. ಆ ಹುಡುಗಿ ಫೋಟೋ ನಂಬಲಿಲ್ಲ, ವಿಡಿಯೋ ಕಾಲ್ ಮಾಡಿದ್ಳು. ನಾ ಫೋನ್ ಹಿಡದೆ.

ವೈನಿ ಹಾಡ್ಕೋತ ಅಳಾಕ ಕುಂತ್ಳು. "ನನ್ನ ಧಣೀ, ನನ್ನ ಬಂಗಾರಾ..." ಅಣ್ಣ ಕಲ್ಲಿನಂಗ ಕುಂತಿದ್ದ. ಅತ್ತೂ ಅತ್ತೂ ಆಕಿಗಿ ಖರೇ ಸಂಕಟ ಎಲ್ಲಾ ನೆನಪಾಗಾಕತ್ತು. "ನನ್ನ ತವರಿನ ಬೋರಮಾಳ ಸರ ಒಯ್ದು ಮಾರಿದಿ, ಕೇಳಿದ್ರ ಕಳದದ ಅಂದಿ..."

"ಅದನ್ನ ಮಾರಿದಾಂವ ನಿಮ್ಮಣ್ಣ, ನಾ ಅಲ್ಲ" ಅಂತು ಹೆಣ.

ಫೋನಿನ್ಯಾಗಿನ ಹುಡುಗಿ ಭಾಳ ಮರ್ಯಾದಿಲೆ ಕೇಳಿದ್ಳು. "ಸರ್, ನಿಮ್ಮ ಮಾತು ಸರಿ ಕೇಳಸಲಿಲ್ರಿ. ಇನ್ನೊಮ್ಮೆ ಹೇಳ್ತೀರಿ?"

ಅಣ್ಣ ಹಾರ ಸರಿಸಿ, ನನ್ನ ಕೈಯಾಗಿನ ಫೋನ್ ಕಸಗೊಂಡು, ಇನ್ನೊಮ್ಮೆ ಜೋರಾಗಿ ಹೇಳಿದ.