ನಿಂಬೆಪಾನಕವೆಂದು ನಮ್ಮವರು ಕುಡಿದದ್ದು

ಸುಳ್ಳು ಹೇಳುವುದು ಅಂಥ ಕಷ್ಟದ ವಿದ್ಯೆಯಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಇಳಕಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ, ಮಕ್ಕಳ ಸುಳ್ಳು ಹಿಡಿಯುತ್ತಲೇ ನಿವೃತ್ತಳಾದವಳು ನಾನು. "ನೋಟ್‌ಬುಕ್ ಆಡು ತಿಂತ್ರಿ ಟೀಚರ್" ಎನ್ನುವವರಿಂದ ಹಿಡಿದು, ರಜೆಗಾಗಿ ಒಬ್ಬಳೇ ಅಜ್ಜಿಯನ್ನು ಮತ್ತೆ ಮತ್ತೆ ಸಾಯಿಸಿದವರವರೆಗೆ ಎಲ್ಲ ಬಗೆಯ ಸುಳ್ಳುಗಳೂ ನನ್ನ ಮೇಜಿನ ಮುಂದೆ ಬಂದು ನಿಂತು ಹೋಗಿದ್ದವು. ಇಷ್ಟು ಅನುಭವವಿದ್ದವಳು ಗಂಡನಿಗೆ ಒಂದೇ ಒಂದು ಸಣ್ಣ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರೆನೆ? ದಕ್ಕಿಸಿಕೊಳ್ಳಬಲ್ಲೆ ಎಂದುಕೊಂಡೆ. ಅಲ್ಲೇ ಎಡವಿದೆ!

ಮೂರು ವರ್ಷದ ಹಿಂದೆ ನನ್ನ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತ್ತು. ಬಾಗಲಕೋಟೆಯಲ್ಲಿ ಆಪರೇಷನ್ ಮಾಡಿ, ಕರುಳಿನ ಒಂದು ತುಂಡು ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದರು. ಆಮೇಲೆ ಕೆಲವು ತಿಂಗಳು ಕೀಮೋ. ಕೂದಲು ಉದುರಿತು, ಮತ್ತೆ ಬಂತು. ಬರುವಾಗ ಗುಂಗುರಾಗಿ ಬಂತು. ಅದೊಂದೇ ಲಾಭ. ಆಗಿನಿಂದ ನಿಗದಿಯ ಪ್ರಕಾರ ರಕ್ತ ಪರೀಕ್ಷೆ, ಸ್ಕ್ಯಾನು, ಡಾಕ್ಟರ ಮುಖದರ್ಶನ. ಹೋದದ್ದು ತಿರುಗಿ ಬಂದಿದೆಯೇ ಎಂದು ನೋಡುವುದೇ ಅವರ ಕೆಲಸ, ಬಂದಿಲ್ಲ ಎಂದು ಕೇಳಿಸಿಕೊಂಡು ಬರುವುದು ನನ್ನ ಕೆಲಸ.

ಈ ವ್ಯವಹಾರದಲ್ಲಿ ನನಗಿಂತ ಹೆಚ್ಚು ಸವೆದವರು ನಮ್ಮ ಯಜಮಾನರು. ಪತ್ತಿನ ಸಂಘದಲ್ಲಿ ಮ್ಯಾನೇಜರಾಗಿದ್ದವರು, ಊರಿನವರನ್ನೆಲ್ಲ ಗದರಿಸಿದವರು. ಆದರೆ ನಾನು ಒಂದು ಸಲ ಕೆಮ್ಮಿದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ! ಪರೀಕ್ಷೆಯ ದಿನ ಹತ್ತಿರ ಬಂತೆಂದರೆ ಅನ್ನ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಪ್ರತಿ ಪರೀಕ್ಷೆಗೂ ಅವರು ತೂಕ ಇಳಿಯುತ್ತಾರೆ. ಅವರು ಬಿಟ್ಟ ಅನ್ನವನ್ನು ಹಾಳು ಮಾಡಬಾರದೆಂದು ನಾನು ಏರುತ್ತೇನೆ.

ಹೀಗಿರುವಾಗ ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಡಾಕ್ಟರ ಫೋನು ಬಂತು. ಯಜಮಾನರು ಕಾಯಿಪಲ್ಯ ತರಲು ಹೋಗಿದ್ದರು.

"ಮೇಡಂ, ಗಾಬರಿ ಆಗಬ್ಯಾಡ್ರಿ. ರಕ್ತದಾಗ ಒಂದ ಅಂಕಿ ಜರಾ ಏರೇತಿ. ಬ್ಯಾರೆ ಕಾರಣಕ್ಕೂ ಏರಬಹುದು. ಆದ್ರ ನೋಡದ ಬಿಡೂದು ಬ್ಯಾಡ. ಒಂದ ಸ್ಕ್ಯಾನ್, ಒಂದ ದುರ್ಬೀನ್ ಮಾಡೂಣು."

ದುರ್ಬೀನ್ ಎಂದರೆ ಕ್ಯಾಮೆರಾ ಹಚ್ಚಿದ ಕೊಳವೆಯನ್ನು ಹಿಂಬಾಗಿಲಿನಿಂದ ಒಳಗೆ ಕಳಿಸಿ ಕರುಳನ್ನೆಲ್ಲ ತಿರುಗಾಡಿ ನೋಡುವುದು. ಫೋನಿಟ್ಟ ಮೇಲೆ ಅಡಿಗೆಮನೆಯ ಕಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ಅಷ್ಟರಲ್ಲಿ ಗೇಟಿನ ಸಪ್ಪಳವಾಯಿತು. ಬದನೆಕಾಯಿ ಚೀಲ ಹಿಡಿದು ಒಳಗೆ ಬಂದವರ ಮುಖ ನೋಡಿದೆ. ರಕ್ತ ಕೊಟ್ಟ ದಿನ ದಾಟಿತೆಂದು ಅಪರೂಪಕ್ಕೆ ಚೆನ್ನಾಗಿ ಉಂಡು, ಕೆನ್ನೆಗೆ ಸ್ವಲ್ಪ ಮಾಂಸ ಬಂದಿತ್ತು. ಹೇಳಲು ಬಾಯಿ ಬರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿರುವ ತಂಗಿ ಶಕ್ಕುವಿಗೆ ಮಾತ್ರ ತಿಳಿಸಿದೆ. ಹಿಂದಿನ ದಿನವೇ ಅವಳ ಮನೆಗೆ ಹೋಗುವುದು, ಕರುಳು ತೊಳೆಯುವ ಔಷಧಿಯನ್ನು ಅಲ್ಲೇ ಕುಡಿಯುವುದು, ಮರುದಿನ ಪರೀಕ್ಷೆ ಮುಗಿಸಿ ಏನೂ ಆಗದವಳಂತೆ ಮನೆಗೆ ಬರುವುದು. ಯೋಜನೆ ಸಿದ್ಧ!

"ಶಕ್ಕು ಹಪ್ಪಳ ಮಾಡಾಕ ಕರದಾಳ್ರಿ. ಎರಡ ದಿನ ಹೋಗಿ ಬರ್ತೇನಿ" ಎಂದೆ.

"ನಾನೂ ಬರ್ತೇನಿ" ಎಂದರು.

"ಹಪ್ಪಳ ಮಾಡೂವಲ್ಲೆ ನಿಮ್ಮದೇನ ಕೆಲಸ್ರಿ?"

"ಒಣಗಾಕ ಹಾಕಿದ ಮ್ಯಾಲ ಕಾಗಿ ಕಾಯಾಕ ಯಾರರ ಬೇಕಲ್ಲ!"

ಕಾಗೆ ಕಾಯಲು ಇಷ್ಟು ಉತ್ಸಾಹ ತೋರಿದ ನಿವೃತ್ತ ಮ್ಯಾನೇಜರು ಜಗತ್ತಿನಲ್ಲಿ ಇನ್ನೊಬ್ಬರಿರಲಾರರು. ಬೇಡವೆಂದರೆ ಸಂಶಯ ಬರುತ್ತದೆ. ಆಗಲಿ ಎಂದೆ.

ಈಗ ಔಷಧಿಯ ಪ್ರಶ್ನೆ. ಪ್ರಯಾಣದ ಚೀಲ ಕಟ್ಟುವುದು ಯಾವಾಗಲೂ ಅವರೇ. ಔಷಧಿಯ ಪೊಟ್ಟಣ ಕಣ್ಣಿಗೆ ಬಿದ್ದರೆ ಪಾಟೀಸವಾಲು ಶುರುವಾಗುತ್ತದೆ. ಆಗ ನನ್ನ ತಲೆಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಪುಡಿಯನ್ನು ಮನೆಯಲ್ಲೇ ನೀರಿಗೆ ಕಲಸಿ, ಎರಡು ಲೀಟರಿನ ದೊಡ್ಡ ಬಾಟಲಿಗೆ ತುಂಬಿಬಿಟ್ಟೆ. ಪುಡಿಗೆ ನಿಂಬೆಯ ವಾಸನೆ ಮೊದಲೇ ಇತ್ತು. "ಏನಿದು?" ಎಂದರು. "ಶಕ್ಕೂಗ ನಿಂಬೆಪಾನಕ" ಎಂದೆ. ಇದಕ್ಕೊಂದು ಪ್ರಶಸ್ತಿ ಇದ್ದಿದ್ದರೆ ಆ ದಿನ ನನಗೇ ಬರುತ್ತಿತ್ತು.

ಬಸ್ಸು ಹತ್ತಿದೆವು. ಬಿಸಿಲು ತಲೆ ಸುಡುತ್ತಿತ್ತು. ಹುನಗುಂದದ ನಿಲ್ದಾಣದಲ್ಲಿ ಯಜಮಾನರು ಕಿಟಕಿಯಿಂದ ಕೈಚಾಚಿ ಮೆಣಸಿನಕಾಯಿ ಬಜ್ಜಿ ಕೊಂಡು, "ತಗೋ ಗಿರಿಜಾ, ಬಿಸಿ ಅದಾವ" ಎಂದು ಮುಂದೆ ಹಿಡಿದರು. ಪರೀಕ್ಷೆಯ ಹಿಂದಿನ ದಿನ ನನಗೆ ನೀರು, ತಿಳಿ ಸಾರು ಬಿಟ್ಟು ಬೇರೇನೂ ಕೂಡದು.

"ನಂದ ಇವತ್ತ ಉಪಾಸ್ರಿ."

"ಇವತ್ತ ಯಾವ ಉಪಾಸ?"

"ಬನಶಂಕರಿ ಹರಕಿ."

"ಅಯ್ಯ, ಮೊದಲ ಹೇಳಬಾರದ! ನಾಳೆ ಮುಂಜಾನೆ ಎದ್ದು ಬಾದಾಮಿಗೇ ಹೋಗಿ ಹರಕಿ ಮುಟ್ಟಿಸಿ ಬರೂಣು!"

ಒಂದು ಸುಳ್ಳು ಮುಚ್ಚಲು ಇನ್ನೊಂದು ಹೇಳಿದೆ, ಅದು ದೇವಿಯನ್ನೇ ನಡುವೆ ಎಳೆದು ತಂದಿತು. ನಾಳೆ ದುರ್ಬೀನ್ ತಪ್ಪಿಸಲೋ ಬನಶಂಕರಿಯನ್ನು ತಪ್ಪಿಸಲೋ ಎಂದು ಯೋಚಿಸುತ್ತ ಕಣ್ಣು ಮುಚ್ಚಿದೆ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಯಾವಾಗ ಜೋಂಪು ಹತ್ತಿತೋ ತಿಳಿಯದು.

ಎಚ್ಚರವಾದಾಗ ಬಸ್ಸು ಅಮೀನಗಡದಲ್ಲಿ ನಿಂತಿತ್ತು. ಅರ್ಧ ಮಂದಿ ಕರದಂಟು ಕೊಳ್ಳಲು ಇಳಿದಿದ್ದರು. ಪಕ್ಕಕ್ಕೆ ತಿರುಗಿದೆ. ಯಜಮಾನರ ತೊಡೆಯ ಮೇಲೆ ನನ್ನ ಬಾಟಲಿ. ಅದರಲ್ಲಿ ಅರ್ಧ ಮಾತ್ರ ಉಳಿದಿತ್ತು! ಅವರು ಮೀಸೆ ಒರೆಸಿಕೊಳ್ಳುತ್ತ, ಎದುರು ನಿಂತಿದ್ದ ಕಂಡಕ್ಟರನಿಗೆ ಒಂದು ಲೋಟ ತುಂಬಿ ಕೊಟ್ಟು ಹೇಳುತ್ತಿದ್ದರು:

"ಬಜ್ಜಿ ಭಾಳ ಖಾರ ಇದ್ದೂ, ಬಾಯಿ ಸುಟ್ಟು ಹೋತು. ಕುಡೀರಿ, ಛಲೋ ಐತಿ. ಉಪ್ಪು ಮಾತ್ರ ಜರಾ ಮುಂದಾಗೇತಿ."

ಲೋಟ ಕಂಡಕ್ಟರನ ತುಟಿಗೆ ಹತ್ತುವುದರಲ್ಲಿತ್ತು. ನಾನು ಹಾರಿ ಕಸಿದುಕೊಂಡೆ.

"ಕುಡೀಬ್ಯಾಡ್ರಿ! ಅದು ಜುಲಾಬಿನ ಔಷಧಾ!"

ಶಾಲೆಯ ಮೈದಾನದ ಕೊನೆಗೂ ಮುಟ್ಟಿಸಿ ಪಳಗಿದ ದನಿ ನನ್ನದು. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತರು. ಕೆಳಗೆ ಕರದಂಟು ಕೊಳ್ಳುತ್ತಿದ್ದವರೂ ತಿರುಗಿ ನೋಡಿದರು.

"ಜುಲಾಬು?" ಎಂದರು ಯಜಮಾನರು. "ನಾ ಅರ್ಧಾ ಬಾಟ್ಲಿ ಕುಡದೇನಿ!"

ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ.

"ಆದ್ರ ಶಕ್ಕೂಗ ಜುಲಾಬು ಯಾಕ ಒಯ್ಯಾಕತ್ತಿ? ಆಕಿ ನಿನಗೇನ ಮಾಡ್ಯಾಳ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಶಕ್ಕೂಗಲ್ಲರಿ, ನನಗ. ನಾಳೆ ದುರ್ಬೀನ್ ಮಾಡ್ತಾರ. ರಕ್ತದಾಗ ಅಂಕಿ ಏರೇತಂತ. ತಿರುಗಿ ಬಂದೈತೇನೋ ನೋಡಬೇಕಂತ" ಎಂದೆ. ಹೇಳುತ್ತ ಹೇಳುತ್ತ ನನ್ನ ಆ ಹೈಸ್ಕೂಲಿನ ದನಿ ಎಲ್ಲಿ ಹೋಯಿತೋ!

ಅವರು ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿ ಮಾಡಿದರು. ಬಸ್ಸು ಹೊರಟಿತು. ಸ್ವಲ್ಪ ಹೊತ್ತಿನ ಮೇಲೆ, "ಹೊಟ್ಟಿ ನೂಸತೈತೇನ ನಿನಗ?" ಎಂದು ಮೆಲ್ಲಗೆ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಅವರ ಹೊಟ್ಟೆಯೇ ಉತ್ತರ ಕೊಟ್ಟಿತು. ಗುಡುಗುಡು ಎಂಬ ಆ ಸದ್ದು ಮುಂದಿನ ಸೀಟಿನವರೆಗೂ ಕೇಳಿಸಿತು.

"ಗುಡುಗು ಬಂತು" ಎಂದ ಕಂಡಕ್ಟರ್. "ಯಜಮಾನರ, ಬಾಗಲಕೋಟಿ ತನಕ ತಡೀತೀರೇನ್ರಿ?"

ಯಜಮಾನರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಇಲ್ಲವೆಂಬಂತೆ ತಲೆಯಾಡಿಸಿದರು.

ಕಮತಗಿಯಲ್ಲಿ ಬಸ್ಸು ನಿಂತಿತು. ರಸ್ತೆ ಬದಿಯ ಮನೆಯೊಂದರ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಕೋಟು ತೊಟ್ಟ ಗಂಡಸು ಓಡಿ ಬರುವುದನ್ನು ಕಂಡು, ಒಂದು ಮಾತೂ ಕೇಳದೆ ಹಿತ್ತಲ ಕಡೆ ಕೈ ತೋರಿಸಿದಳು. ಅನುಭವಸ್ಥೆ! ಶಿರೂರಿನಲ್ಲಿ ಮತ್ತೆ ನಿಂತಿತು. ಅಲ್ಲಿಗೆ ಬರುವಷ್ಟರಲ್ಲಿ ಬಸ್ಸಿನವರೆಲ್ಲ ನಮ್ಮ ಬಳಗವಾಗಿಬಿಟ್ಟಿದ್ದರು. "ಸಾವಕಾಶ ಹೋಗಿ ಬರ್ರಿ, ನಮಗೇನ ಅವಸರಿಲ್ಲ" ಎಂದು ಯಜಮಾನರನ್ನು ಬೀಳ್ಕೊಟ್ಟು, ನನ್ನ ಕಡೆ ತಿರುಗಿದರು. ಹಿಂದಿನ ಸೀಟಿನ ಹೆಣ್ಣುಮಗಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಅಂಜಬ್ಯಾಡ್ರಿ ಅಕ್ಕಾರ. ನಮ್ಮ ಅತ್ತಿಗೂ ಇದ ಆಪರೇಷನ್ ಆಗಿತ್ತು. ನಡಕ ಒಮ್ಮೆ ತಿರುಗಿ ಬಂದಿತ್ತು. ಲಗೂ ಸಿಕ್ತು, ತಗದ್ರು. ಈಗ ಎಷ್ಟ ಗಟ್ಟಿ ಅದಾರ ಅಂದ್ರ, ಅವರ ಬಾಯಿ ತಡಕೊಳ್ಳಾಕಾಗದ ನಾ ತವರಮನಿಗೆ ಹೊಂಟೇನಿ."

ಮೂರು ವರ್ಷದಲ್ಲಿ ನನಗೆ ಇಷ್ಟು ಧೈರ್ಯ ಕೊಟ್ಟ ಮಾತು ಇನ್ನೊಂದಿಲ್ಲ. ತಿರುಗಿ ಬಂದರೂ ಸೊಸೆಯನ್ನು ತವರಿಗೆ ಓಡಿಸುವಷ್ಟು ಶಕ್ತಿ ಉಳಿಯುತ್ತದೆ ಎಂದಾಯಿತಲ್ಲ!

ಬಾಗಲಕೋಟೆ ತಲುಪಿದೆವು. ಔಷಧಿ ಅಂಗಡಿಯಲ್ಲಿ ಇನ್ನೊಂದು ಪೊಟ್ಟಣ ಕೊಂಡು ಶಕ್ಕುವಿನ ಮನೆಗೆ ಹೋದರೆ, ಅವಳು ಬಾಗಿಲು ತೆಗೆದು ನನ್ನನ್ನು ಬಿಟ್ಟು ಭಾವನನ್ನು ನೋಡಿ ಚೀರಿದಳು: "ಅಯ್ಯ ಮಾಮಾರ! ಇದೇನ್ರಿ ಹಿಂಗಾಗೀರಿ?"

ಮಾಮಾರು ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ. ನೇರ ಒಳಗೆ ಹೋಗಿ ಕದ ಹಾಕಿಕೊಂಡರು. ಶಕ್ಕುವಿನ ಮನೆಯಲ್ಲಿ ಇರುವುದು ಒಂದೇ ಪಾಯಿಖಾನೆ. ಸಂಜೆ ನಾನೂ ನನ್ನ ಪಾಲಿನ ಔಷಧಿ ಕುಡಿದೆ. ಅಲ್ಲಿಂದ ಮುಂದೆ ನಡೆದದ್ದನ್ನು ಸಭ್ಯ ಭಾಷೆಯಲ್ಲಿ ಹೇಳುವುದಾದರೆ, ದಾಂಪತ್ಯದಲ್ಲಿ ನಾವು ಇಷ್ಟು ಪೈಪೋಟಿ ಹಿಂದೆಂದೂ ನಡೆಸಿರಲಿಲ್ಲ. "ಬರ್ರಿ ಹೊರಗ!" "ಈಗರ ಬಂದೇನಿ!" "ಪರೀಕ್ಷಾ ನನಗ ಐತ್ರಿ, ನಿಮಗಲ್ಲ!" "ಹೊಟ್ಟಿಗೆ ಗೊತ್ತಾಗಬೇಕಲ್ಲ ಅದು!" ಶಕ್ಕು ಓಆರ್‌ಎಸ್ ಕಲಸಿ ಭಾವನಿಗೆ ಕೊಟ್ಟಳು. ಅವರು ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, ಮೊದಲು ಅವಳಿಗೇ ಒಂದು ಗುಟುಕು ಕುಡಿಸಿ, ಆಮೇಲೆ ತಾವು ಕುಡಿದರು.

ನಡುವೆ ಒಮ್ಮೆ ಇಬ್ಬರಿಗೂ ಸ್ವಲ್ಪ ಬಿಡುವು ಸಿಕ್ಕಿತು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಅಕ್ಕಪಕ್ಕ ಕೂತಿದ್ದೆವು.

"ಯಾಕ ಹೇಳಲಿಲ್ಲ?" ಎಂದರು.

"ನೀವು ಅಂಜತೀರಿ ಅಂತ. ಊಟಾ ಬಿಡ್ತೀರಿ, ನಿದ್ದಿ ಬಿಡ್ತೀರಿ."

"ನಾ ಅಂಜೂದು ಖರೆ. ಅಂಜತೇನಿ, ಮತ್ತ ನಿನ್ನ ಜೋಡಿ ಬರ್ತೇನಿ. ನೀ ಒಬ್ಬಾಕೀನ ಕುಂತು ಅಂಜಿದ್ರ, ನಾ ಮನ್ಯಾಗ ಹೊಟ್ಟಿ ತುಂಬ ಉಂಡು ಏನ ಮಾಡ್ಲಿ?"

ನಾನು ಅವರ ಕೈ ಹಿಡಿಯಲು ಹೋದೆ. ಅವರು ಎದ್ದು ಓಡಿದರು. ಅದು ಭಾವಾವೇಶದಿಂದಲ್ಲ!

ಮರುದಿನ ದವಾಖಾನೆಗೆ ಹೋದೆವು. ನಾನು ರಿಕ್ಷಾದಿಂದ ಇಳಿದು ನೆಟ್ಟಗೆ ನಡೆದೆ. ನನ್ನ ಹಿಂದೆ ಗೋಡೆ ಹಿಡಿದು ಬರುತ್ತಿದ್ದವರನ್ನು ಕಂಡು ನರ್ಸೊಬ್ಬಳು ಗಾಲಿಕುರ್ಚಿ ತಂದು, "ಕುಂಡ್ರಿ ಅಜ್ಜಾರ, ಕ್ಯಾನ್ಸರ್ ವಾರ್ಡ್ ಮ್ಯಾಲ ಐತಿ" ಎಂದು ಅವರನ್ನು ಲಿಫ್ಟಿನ ಕಡೆ ದಬ್ಬಿಕೊಂಡು ಹೋದಳು. "ನಾನಲ್ಲವಾ, ಆಕಿ!" ಎಂದು ಅವರು, "ಅವರಲ್ಲವಾ, ನಾನು!" ಎಂದು ನಾನು. ಕೊನೆಗೆ ಸರಿಯಾದ ರೋಗಿಯನ್ನು ಗುರುತಿಸಿ ಒಳಗೆ ಒಯ್ದರು.

ಮೊದಲು ಸ್ಕ್ಯಾನು ಆಯಿತು. ದುರ್ಬೀನ್ ಕೋಣೆಯಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟರು. ನಾನು ಬಹಳ ಗಂಭೀರವಾಗಿ ಕಣ್ಣು ಮುಚ್ಚಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಎಚ್ಚರವಾದಾಗ ಯಜಮಾನರು ಪಕ್ಕದಲ್ಲಿದ್ದರು, ಡಾಕ್ಟರು ಎದುರಿಗಿದ್ದರು, ನರ್ಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ಮೇಡಂ, ಮಂಪರಿನ್ಯಾಗ ಲೋಪಸಂಧಿಗೆ ಉದಾಹರಣೆ ಹೇಳು ಅಂದ್ರಿ. ನನಗ ಬರಲಿಲ್ಲ. ಬೆಂಚಿನ ಮ್ಯಾಲ ನಿಂದ್ರು ಅಂದ್ರಿ" ಎಂದರು ಡಾಕ್ಟರು. "ನೀವು ನನ್ನ ಫೇಲ್ ಮಾಡೀರಿ. ನಾ ಮಾತ್ರ ನಿಮ್ಮನ್ನ ಪಾಸ್ ಮಾಡೇನಿ."

ಜೋಡಿಸಿದ ಜಾಗ ಸ್ವಚ್ಛವಾಗಿತ್ತು. ಸ್ಕ್ಯಾನಿನಲ್ಲೂ ಏನೂ ಇರಲಿಲ್ಲ. ಬೇರೆ ಕಡೆ ಒಂದು ಸಣ್ಣ ಮೊಗ್ಗಿನಂಥ ಗಂಟು ಕಂಡಿತ್ತು. ಅದನ್ನು ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಯಜಮಾನರು ಕೇಳಬೇಕಾದದ್ದನ್ನು ಕೇಳಿಯೇಬಿಟ್ಟರು.

"ಡಾಕ್ಟರ್ ಸಾಹೇಬ್ರ, ಇನ್ನ ತಿರುಗಿ ಬರೂದಿಲ್ಲಲ್ರಿ?"

"ಬರೂದಿಲ್ಲಂತ ನಾ ಹೇಳಾಕ ಬರೂದಿಲ್ಲರಿ. ಆದ್ರ ದಿನಾ ಹೋದಂಗ ಅಂಜಿಕಿ ಕಮ್ಮಿ ಆಕ್ಕೋಂತ ಹೋಗ್ತೈತಿ. ಬರೂದಿದ್ರ ಬಹುತೇಕ ಮೊದಲಿನ ಎರಡ ಮೂರ ವರ್ಷದಾಗ ಬರ್ತೈತಿ. ಅದನ್ನ ದಾಟೀರಿ. ಬಂದ್ರೂ ಲಗೂ ಸಿಕ್ರ ದಾರಿ ಅದಾವ. ತಪ್ಪಿಸದ ಬರ್ರಿ. ಇಬ್ಬರೂ ಬರ್ರಿ. ಔಷಧಾ ಮಾತ್ರ ಒಬ್ಬರ ಕುಡೀರಿ."

ಕೆಲವು ದಿನಗಳಲ್ಲಿ ಫೋನು ಬಂತು. ಆ ಮೊಗ್ಗು ಕ್ಯಾನ್ಸರ್ ಆಗಿರಲಿಲ್ಲ. ಮುಂದಿನ ತಿಂಗಳು ಮತ್ತೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಆ ಹಾಳು ಅಂಕಿಯೂ ತಾನಾಗಿ ಕೆಳಗಿಳಿದಿತ್ತು. ಯಾಕೆ ಏರಿತ್ತು, ಯಾಕೆ ಇಳಿಯಿತು ಎಂದು ಡಾಕ್ಟರಿಗೂ ಖಚಿತವಾಗಿ ಗೊತ್ತಿಲ್ಲ. ನಮಗೆ ಇಳಿದದ್ದೇ ಸಾಕಾಗಿತ್ತು. ಆ ದಿನ ಯಜಮಾನರು ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಆದರೆ ಅಂದಿನ ಬಸ್ಸಿನಲ್ಲಿ ಇಳಕಲ್ಲಿನವರೂ ಕೆಲವರಿದ್ದರಲ್ಲ, ಅವರ ಬಾಯಿಂದ ಸುದ್ದಿ ಊರೆಲ್ಲ ಹಬ್ಬಿತ್ತು. ಹಬ್ಬುತ್ತ ಹಬ್ಬುತ್ತ ರೋಗಿ ಬದಲಾಗಿದ್ದರು! ಒಂದು ಸಂಜೆ ಪತ್ತಿನ ಸಂಘದ ಹಳೆಯ ಮಂದಿಯೆಲ್ಲ ಎಳನೀರು, ಹಣ್ಣು ಹಿಡಿದುಕೊಂಡು ಯಜಮಾನರನ್ನು ಮಾತಾಡಿಸಲು ಬಂದರು. "ಭಾಳ ಇಳದೀರಿ ಸಾಹೇಬ್ರ" ಎಂದು ಒಬ್ಬರು ನಿಟ್ಟುಸಿರುಬಿಟ್ಟರು. ಯಜಮಾನರು ಇಲ್ಲವೆನ್ನಲಿಲ್ಲ. ದಿಂಬಿಗೆ ಇನ್ನಷ್ಟು ಒರಗಿ, "ಏನ್ ಮಾಡೂದ್ರಿ, ಒಂದಿಷ್ಟು ನಿಶ್ಶಕ್ತಿ" ಎಂದರು.

ಕರುಳು ಕೊಯ್ಸಿಕೊಂಡು, ಕೀಮೋ ಮುಗಿಸಿ, ಮೂರು ವರ್ಷ ದಾಟಿ, ದುರ್ಬೀನನ್ನೂ ಗೆದ್ದು ಬಂದ ನಾನು ಅಷ್ಟೂ ಮಂದಿಗೆ ಚಹಾ ಸೋಸುತ್ತಿದ್ದೆ. ಟ್ರೇ ಹಿಡಿದು ಹೊರಗೆ ಬಂದಾಗ ಒಬ್ಬ ಹಿರಿಯರಿಗೆ ನನ್ನ ನೆನಪಾಯಿತು.

"ಅಕ್ಕಾರ, ನೀವು ಆರಾಮ ಅದೀರಲ್ರಿ?"

"ಆರಾಮ ಅದೇನ್ರಿ" ಎಂದೆ. ಎಷ್ಟೋ ದಿನಗಳ ಮೇಲೆ ಆ ಮಾತನ್ನು ಅಳುಕಿಲ್ಲದೆ ಆಡಿದ್ದೆ. ನನಗೇ ಕಣ್ಣು ತುಂಬಿ ಬಂತು.

ಹಿರಿಯರು ಒಂದು ಗುಟುಕು ಕುಡಿದು, ಕಪ್ಪನ್ನು ನನ್ನ ಕಡೆಗೇ ತಿರುಗಿ ಚಾಚಿದರು.

"ಹಂಗಾರ ಸಕ್ಕರಿ ಜರಾ ಮುಂದ ಹಾಕಿ ಕೊಡ್ರಿ."